ಕೇಳಲಿಲ್ಲ, ಅದಕ್ಕೆ ಹೇಳಲಿಲ್ಲ

ಧರ್ಮ, ಅರ್ಥ, ಕಾಮ, ಮೋಕ್ಷಗಳೆಂಬ ನಾಲ್ಕು ಪುರುಷಾರ್ಥಗಳಲ್ಲಿ ಅರ್ಥಕ್ಕೆ ಎರಡನೆಯ ಸ್ಥಾನವಿದೆ. ಹಣ ಗಳಿಸುವುದನ್ನು ನಮ್ಮ ಹಿರಿಯರು ಎಂದೂ ಹೀನವೆಂದು ಎಣಿಸಲಿಲ್ಲ. ಗಳಿಕೆಗೆ ಮೊದಲು ಧರ್ಮವನ್ನು ಇಟ್ಟರು, ಅಷ್ಟೆ. ಮನೆಗೆ ಹೊಸ್ತಿಲು ಹೇಗೋ ಅರ್ಥಕ್ಕೆ ಧರ್ಮ ಹಾಗೆ. ಅದನ್ನು ದಾಟಿಯೇ ಸಂಪತ್ತು ಒಳಗೆ ಬರಬೇಕು. ವೀರಶೈವ ಧರ್ಮವಂತೂ ದುಡಿಮೆಯನ್ನು ಕಾಯಕವೆಂದು ಕರೆದು ಪೂಜೆಯ ಸಾಲಿನಲ್ಲಿ ಕೂರಿಸಿದ ಧರ್ಮ. ದೋಣಿ ನಡೆಸುವವರು, ಬಟ್ಟೆ ಒಗೆಯುವವರು, ಬುಟ್ಟಿ ಹೆಣೆಯುವವರು, ಹುಲ್ಲಿನ ಹಗ್ಗ ಹೊಸೆಯುವವರು, ಸುಂಕ ವಸೂಲಿ ಮಾಡುವವರು, ಇವರೆಲ್ಲರೂ ತಮ್ಮ ತಮ್ಮ ಕಾಯಕದ ಮೂಲಕವೇ ಶರಣರೆನಿಸಿಕೊಂಡರು. ಆದ್ದರಿಂದ ವ್ಯಾಪಾರಿಯಾದವನು ಗಲ್ಲಾಪೆಟ್ಟಿಗೆಯ ಮುಂದೆ ಕುಳಿತಾಗ ತಾನು ಪೂಜೆ ಮುಗಿಸಿ ಎದ್ದು ಬಂದೆನೆಂದು ತಿಳಿಯಬೇಕಾಗಿಲ್ಲ. ಆತ ಕುಳಿತ ಆ ಸ್ಥಳವೂ ಪೂಜಾಸ್ಥಾನವೇ.

ಶ್ರಾವಣ ಮಾಸದ ಪ್ರವಚನಕ್ಕೆಂದು ನಾವು ಬೆಂಗಳೂರಿನ ಹಲಸೂರಿಗೆ ಹೋಗಿದ್ದಾಗ ಭಕ್ತರೊಬ್ಬರು ಕೇಳಿದ ಪ್ರಶ್ನೆಯು ಈ ಮಾತಿಗೆ ಸಂಬಂಧಿಸಿದ್ದಾಗಿತ್ತು. ಹಲಸೂರು ಹಳೆಯ ವ್ಯಾಪಾರದ ಸ್ಥಳ. ಪುರಾತನ ಸೋಮೇಶ್ವರ ದೇವಾಲಯವಿರುವ ಈ ಊರಿನ ಮಗ್ಗುಲಿಗೆ 1809ರ ಸುಮಾರಿಗೆ ಬ್ರಿಟಿಷರ ದಂಡು ಬಂದು ನೆಲೆಸಿತು. ದಂಡಿಗೆ ಬೇಕಾದ ಸಾಮಾನುಗಳನ್ನು ಒದಗಿಸುತ್ತ ಬಜಾರು ಬೆಳೆಯಿತು. ಕನ್ನಡ, ತಮಿಳು, ತೆಲುಗು, ಉರ್ದು, ನಾಲ್ಕು ಭಾಷೆಗಳಲ್ಲಿಯೂ ಅಲ್ಲಿ ಚೌಕಾಸಿ ನಡೆಯುತ್ತದೆ. ಇಂದು ನಗರವು ಪೂರ್ವಕ್ಕೆ ಇಂದಿರಾನಗರ, ಕೆ.ಆರ್.ಪುರಂಗಳನ್ನು ದಾಟಿ ಹಬ್ಬಿರುವುದರಿಂದ ಧಾನ್ಯ, ಬಟ್ಟೆ, ಬಂಗಾರಗಳ ಜೊತೆಗೆ ಮನೆ, ನಿವೇಶನಗಳೂ ದೊಡ್ಡ ಸರಕಾಗಿವೆ.

ನಮ್ಮಲ್ಲಿಗೆ ಬಂದ ಆ ಭಕ್ತರು ಮನೆಗಳನ್ನು ಮಾರಿಸಿಕೊಡುವ ವೃತ್ತಿಯವರು. ಅವರ ಮಾತಿನ ಸಾರ ಹೀಗಿತ್ತು: "ಬುದ್ಧಿ, ಜನವರಿ ತಿಂಗಳಲ್ಲಿ ಕೆ.ಆರ್.ಪುರಂ ಕಡೆಯ ಒಂದು ಫ್ಲ್ಯಾಟನ್ನು ನಿವೃತ್ತರಾದ ಹಿರಿಯರೊಬ್ಬರಿಗೆ ತೋರಿಸಿ ಮಾರಿಸಿದೆ. ಆ ಕಟ್ಟಡಕ್ಕೆ ಸ್ವಾಧೀನಾನುಭವ ಪತ್ರ ಸಿಕ್ಕಿರಲಿಲ್ಲ. ಬೇಸಿಗೆ ಬಂತೆಂದರೆ ಕೊಳವೆಬಾವಿ ಬತ್ತಿ ಟ್ಯಾಂಕರ್ ನೀರೇ ಗತಿ. ಎರಡೂ ನನಗೆ ಗೊತ್ತಿತ್ತು. ಅವರು ಕೇಳಲಿಲ್ಲ, ಅದಕ್ಕೆ ನಾನೂ ಹೇಳಲಿಲ್ಲ. ಒಂದೇ ಒಂದು ಸುಳ್ಳನ್ನೂ ಆಡಿಲ್ಲ. ಬಂದ ಕಮಿಷನ್ನಿನಲ್ಲಿ ಒಂದು ಪಾಲನ್ನು ಮಠದ ದಾಸೋಹಕ್ಕೆಂದು ತಂದಿದ್ದೇನೆ. ಆದರೆ ಕೊಡುವುದಕ್ಕೆ ಯಾಕೋ ಕೈ ಹಿಂಜರಿಯುತ್ತಿದೆ. ಇದರಲ್ಲಿ ತಪ್ಪಿದೆಯೇ?"

ಈ ಪ್ರಶ್ನೆ ಅವರೊಬ್ಬರದೇ ಅಲ್ಲ. ಸುಳ್ಳು ಹೇಳುವುದು ಪಾಪವೆಂದು ತಿಳಿಯದ ವ್ಯಾಪಾರಿ ಯಾರೂ ಇಲ್ಲ. ಆದರೆ ಸುಳ್ಳು ಹೇಳದೆ, ನಿಜವನ್ನೂ ಹೇಳದೆ, ನಡುವಿನ ಸಂದಿಯಲ್ಲಿ ವ್ಯಾಪಾರ ಮಾಡುವ ರೀತಿಯೊಂದು ಇಂದು ಎಲ್ಲೆಡೆ ಬೆಳೆದಿದೆ. ಜಾಹೀರಾತಿನಲ್ಲಿ ದೊಡ್ಡ ಅಕ್ಷರದ ಭರವಸೆ, ಅದರ ನೆತ್ತಿಯ ಮೇಲೊಂದು ಪುಟ್ಟ ನಕ್ಷತ್ರ, ಪುಟದ ಬುಡದಲ್ಲಿ ಇರುವೆ ಸಾಲಿನಂತಹ ಅಕ್ಷರಗಳಲ್ಲಿ 'ಷರತ್ತುಗಳು ಅನ್ವಯಿಸುತ್ತವೆ'. ಇದು ಸತ್ಯವೋ ಅಸತ್ಯವೋ ಎಂದು ಸಾಮಾನ್ಯರಿಗೆ ಗೊಂದಲವಾಗುವುದು ಸಹಜ. ಆದುದರಿಂದ ಈ ವಾರ ಇದನ್ನೇ ವಿಚಾರ ಮಾಡೋಣ.

ಕಾಯಿದೆ ಏನೆನ್ನುತ್ತದೆ?

ಮೊದಲು ಲೋಕದ ಕಾಯಿದೆಯನ್ನು ನೋಡೋಣ. ನಮ್ಮ ದೇಶದ ಕರಾರು ಕಾಯಿದೆಯು 1872ರಲ್ಲಿ ಬಂದುದು. ಅದರ 17ನೆಯ ಕಲಮು ವಂಚನೆ ಎಂದರೇನು ಎಂಬುದನ್ನು ವಿವರಿಸುತ್ತದೆ. ಬರಿದೇ ಸುಮ್ಮನಿರುವುದು ವಂಚನೆಯಾಗುವುದಿಲ್ಲ ಎಂಬುದು ಅದರ ಸಾಮಾನ್ಯ ನಿಯಮ. ಇದನ್ನು ತಿಳಿಸಲು ಕಾಯಿದೆ ಬರೆದವರು ಕುದುರೆಯ ಉದಾಹರಣೆ ಕೊಟ್ಟಿದ್ದಾರೆ. ಒಬ್ಬನು ತನ್ನ ರೋಗಿಷ್ಠ ಕುದುರೆಯನ್ನು ಹರಾಜಿನಲ್ಲಿ ಮಾರುತ್ತಾನೆ. ಅದರ ದೋಷ ಅವನಿಗೆ ಗೊತ್ತು, ಆದರೆ ಬಾಯಿ ಬಿಡುವುದಿಲ್ಲ. ಇದು ವಂಚನೆಯಲ್ಲ ಎನ್ನುತ್ತದೆ ಕಾಯಿದೆ. ದಂಡಿನ ಕಾಲದಲ್ಲಿ ಹಲಸೂರಿನ ಆಸುಪಾಸಿನಲ್ಲಿ ಕುದುರೆಗಳಿಗೇನೂ ಕೊರತೆ ಇರಲಿಲ್ಲ. ಈ ಉದಾಹರಣೆ ಅಲ್ಲಿನವರಿಗೆ ಚೆನ್ನಾಗಿಯೇ ಅರ್ಥವಾಗಿದ್ದೀತು. ಇಷ್ಟನ್ನೇ ಓದಿ ಪುಸ್ತಕ ಮುಚ್ಚಿದರೆ ನಮ್ಮ ಭಕ್ತರು ಗೆದ್ದಂತೆಯೇ.

ಆದರೆ ಅದೇ ಕಾಯಿದೆ ಮುಂದಿನ ಸಾಲುಗಳಲ್ಲಿ ಇನ್ನೆರಡು ಸಂದರ್ಭಗಳನ್ನು ಹೇಳುತ್ತದೆ. ಕೊಳ್ಳುವವಳು ಮಾರುವವನ ಮಗಳೇ ಆಗಿದ್ದು, ಈಗಷ್ಟೇ ಪ್ರಾಪ್ತ ವಯಸ್ಸಿಗೆ ಬಂದವಳಾಗಿದ್ದರೆ, ಆಗ ಆ ಸಂಬಂಧದ ಕಾರಣದಿಂದಲೇ ದೋಷವನ್ನು ತಿಳಿಸುವ ಹೊಣೆ ತಂದೆಯ ಮೇಲೆ ಬೀಳುತ್ತದೆ. ಇನ್ನು ಕೊಳ್ಳುವವನು, "ನೀನು ಅಲ್ಲವೆನ್ನದಿದ್ದರೆ ಕುದುರೆ ಚೆನ್ನಾಗಿದೆ ಎಂದೇ ನಾನು ತಿಳಿಯುತ್ತೇನೆ" ಎಂದು ಹೇಳಿದಾಗ ಮಾರುವವನು ಸುಮ್ಮನಿದ್ದರೆ, ಆ ಮೌನ ಮಾತಿಗೆ ಸಮಾನವಾಗುತ್ತದೆ. ಅಂದರೆ ನಂಬಿಕೆ ಇರುವ ಕಡೆ ಮೌನಕ್ಕೆ ಬಾಯಿ ಬರುತ್ತದೆ. ಈ ಮಾತನ್ನು ಓದುಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಮುಂದೆ ಇದರಿಂದ ಕೆಲಸವಿದೆ.

ಮನೆ, ಜಮೀನುಗಳ ವಿಷಯದಲ್ಲಿ 1882ರ ಸ್ವತ್ತು ವರ್ಗಾವಣೆ ಕಾಯಿದೆ ಇನ್ನೂ ಬಿಗಿಯಾಗಿದೆ. ಕೊಳ್ಳುವವನು ಸಾಮಾನ್ಯ ಎಚ್ಚರಿಕೆಯಿಂದ ಕಂಡುಕೊಳ್ಳಲಾಗದಂತಹ ಮುಖ್ಯ ದೋಷವು ಸ್ವತ್ತಿನಲ್ಲಿಯೋ ಹಕ್ಕಿನಲ್ಲಿಯೋ ಇದ್ದು, ಅದು ಮಾರುವವನಿಗೆ ಗೊತ್ತಿದ್ದರೆ, ತಾನಾಗಿಯೇ ತಿಳಿಸತಕ್ಕದ್ದು ಎಂದು ಅದರ 55ನೆಯ ಕಲಮು ವಿಧಿಸುತ್ತದೆ. ಹಾಗೆ ತಿಳಿಸದಿರುವುದನ್ನು ಅದೇ ಕಲಮು ವಂಚನೆ ಎಂದೇ ಕರೆಯುತ್ತದೆ. ಕುದುರೆಗೊಂದು ನ್ಯಾಯ, ಮನೆಗೊಂದು ನ್ಯಾಯವೇ ಎಂದು ಯಾರಾದರೂ ಕೇಳಬಹುದು. ಕುದುರೆಯ ಹಲ್ಲು ನೋಡಿ ವಯಸ್ಸು ತಿಳಿಯಬಹುದು, ನಾಲ್ಕು ಹೆಜ್ಜೆ ಓಡಿಸಿ ಕಾಲು ನೋಡಬಹುದು. ಮನೆಯ ದೋಷವಾದರೋ ಕಾಗದದ ಒಳಗೆ, ನೆಲದ ಅಡಿಯಲ್ಲಿ, ಋತುವಿನ ಮರೆಯಲ್ಲಿ ಇರುತ್ತದೆ. ಜನವರಿಯಲ್ಲಿ ತೋರಿಸಿದ ಮನೆಯಲ್ಲಿ ಮಳೆಗಾಲದ ನೀರೂ ಕಾಣುವುದಿಲ್ಲ, ಬೇಸಿಗೆಯ ಬರವೂ ಕಾಣುವುದಿಲ್ಲ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಪೂರ್ವಭಾಗದ ಬಡಾವಣೆಗಳಲ್ಲಿ ಜನರನ್ನು ದೋಣಿ, ಟ್ರ್ಯಾಕ್ಟರುಗಳಲ್ಲಿ ಹೊರಗೆ ಸಾಗಿಸಬೇಕಾಯಿತು. 2024ರ ಬೇಸಿಗೆಯಲ್ಲಿ ಅದೇ ನಗರದಲ್ಲಿ ಕೊಳವೆಬಾವಿಗಳು ಬತ್ತಿ ಜನ ಟ್ಯಾಂಕರಿಗಾಗಿ ಕಾದು ನಿಂತರು. ಎರಡನ್ನೂ ಕಂಡವನು ಒಂದನ್ನೂ ಹೇಳದೆ ಚಳಿಗಾಲದಲ್ಲಿ ಮನೆ ತೋರಿಸಿದರೆ, ಆತ ತೋರಿಸಿದ್ದು ಮನೆಯ ಒಂದು ಮುಖವನ್ನು ಮಾತ್ರ.

ಸ್ವಾಧೀನಾನುಭವ ಪತ್ರದ ಮಾತೂ ಹಾಗೆಯೇ. ಕಟ್ಟಡವು ಮಂಜೂರಾದ ನಕ್ಷೆಯಂತೆ ಮುಗಿದಿದೆ, ವಾಸಕ್ಕೆ ಯೋಗ್ಯವಾಗಿದೆ ಎಂದು ಸ್ಥಳೀಯ ಆಡಳಿತ ಕೊಡುವ ಪತ್ರವದು. 2024ರ ಡಿಸೆಂಬರ್ 17ರಂದು ಸರ್ವೋಚ್ಚ ನ್ಯಾಯಾಲಯವು ಕಟ್ಟಡಗಳಿಗೆ ವಿದ್ಯುತ್, ನೀರಿನ ಸಂಪರ್ಕವನ್ನೂ ಬ್ಯಾಂಕಿನ ಸಾಲವನ್ನೂ ಇಂತಹ ಪತ್ರವನ್ನು ನೋಡಿದ ಬಳಿಕವೇ ಕೊಡಬೇಕೆಂದು ನಿರ್ದೇಶಿಸಿದ ಮೇಲೆ ಅದರ ಬೆಲೆ ಏನೆಂಬುದು ಎಲ್ಲರಿಗೂ ಮನವರಿಕೆಯಾಗಿದೆ. ವಕೀಲರನ್ನು ಕಂಡಿದ್ದರೆ ಇದು ತಿಳಿಯುತ್ತಿತ್ತಲ್ಲ ಎನ್ನಬಹುದು. ನಿಜ. ಕೊಳ್ಳುವವನಿಗೂ ಎಚ್ಚರದ ಹೊಣೆ ಇದೆ. ಆದರೆ ಆತನ ಅಜಾಗ್ರತೆ ಆತನ ದೋಷ. ಅದನ್ನು ಬಂಡವಾಳ ಮಾಡಿಕೊಂಡದ್ದು ಇವರ ದೋಷ. ಒಂದರಿಂದ ಇನ್ನೊಂದು ತೊಳೆದುಹೋಗುವುದಿಲ್ಲ.

ಗ್ರಾಹಕರ ರಕ್ಷಣೆಗೆಂದೇ 1986ರಲ್ಲಿ ಬಂದ ಕಾಯಿದೆಯು ಸರಕಿನ ಗುಣ, ಪ್ರಮಾಣ, ಶುದ್ಧತೆ, ಬೆಲೆಗಳನ್ನು ತಿಳಿಯುವುದನ್ನು ಕೊಳ್ಳುವವನ ಹಕ್ಕನ್ನಾಗಿ ಮಾಡಿತು. ಅದರ ಸ್ಥಾನದಲ್ಲಿ ಬಂದ 2019ರ ಕಾಯಿದೆಯು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಮುಖ್ಯ ಮಾಹಿತಿಯನ್ನು ಬೇಕೆಂದೇ ಮರೆಮಾಚುವ ಜಾಹೀರಾತನ್ನೂ ದಾರಿತಪ್ಪಿಸುವ ಜಾಹೀರಾತು ಎಂದೇ ಕರೆಯಿತು. 2022ರ ಜೂನ್ ತಿಂಗಳಲ್ಲಿ ಹೊರಬಂದ ಕೇಂದ್ರದ ಮಾರ್ಗಸೂಚಿಗಳ ಪ್ರಕಾರ ಜಾಹೀರಾತಿನ ಭರವಸೆ ಯಾವ ಭಾಷೆಯಲ್ಲಿದೆಯೋ ಷರತ್ತೂ ಅದೇ ಭಾಷೆಯಲ್ಲಿರಬೇಕು. ಭರವಸೆಗೆ ಬಳಸಿದ ಅಕ್ಷರವನ್ನೇ ಷರತ್ತಿಗೂ ಬಳಸಬೇಕು. ಕನ್ನಡದಲ್ಲಿ ಆಸೆ ತೋರಿಸಿ ಇಂಗ್ಲಿಷಿನಲ್ಲಿ ಷರತ್ತು ಹಾಕುವ ಚಾತುರ್ಯಕ್ಕೆ ಕಾಯಿದೆಯ ಒಪ್ಪಿಗೆ ಇಲ್ಲವೆಂದಾಯಿತು.

ಹುಸಿಯೋ, ಕಳವೋ?

ಕಾಯಿದೆಯ ಮಾತು ಇಲ್ಲಿಗೆ ಸಾಕು. ಕಾಯಿದೆ ಸಾಕ್ಷಿ ಕೇಳುತ್ತದೆ. ಧರ್ಮಕ್ಕೆ ಅಂತಃಸಾಕ್ಷಿಯೇ ಸಾಕು.

"ನಾನು ಸುಳ್ಳು ಹೇಳಲಿಲ್ಲ" ಎಂಬುದು ನಮ್ಮ ಭಕ್ತರ ವಾದ. ಒಪ್ಪೋಣ. ಅವರ ನಾಲಿಗೆಯಿಂದ ಅಸತ್ಯ ಹೊರಬಿದ್ದಿಲ್ಲ. ಆದರೆ ಧರ್ಮದ ಪ್ರಶ್ನೆ ಅಲ್ಲಿಗೆ ಮುಗಿಯುವುದಿಲ್ಲ. ಶ್ರೀ ಜಗದ್ಗುರು ರೇಣುಕಾಚಾರ್ಯರು ಅಗಸ್ತ್ಯ ಮಹರ್ಷಿಗಳಿಗೆ ಬೋಧಿಸಿದ ಶ್ರೀ ಸಿದ್ಧಾಂತ ಶಿಖಾಮಣಿಯು ಧರ್ಮವನ್ನು ಹತ್ತು ಗುಣಗಳಲ್ಲಿ ಸಂಗ್ರಹಿಸಿದೆ. ಅವುಗಳಲ್ಲಿ ಅಹಿಂಸೆ ಮೊದಲನೆಯದು, ಸತ್ಯ ಎರಡನೆಯದು, ಅಸ್ತೇಯ ಮೂರನೆಯದು. ಅಸ್ತೇಯವೆಂದರೆ ಕಳವು ಮಾಡದಿರುವುದು. ಸತ್ಯವನ್ನು ಹೇಳಿದ ಮೇಲೆ ಅಸ್ತೇಯವನ್ನು ಬೇರೆಯಾಗಿ ಹೇಳಿದ್ದು ಏಕೆ? ಬಸವಣ್ಣನವರೂ ಅಂತರಂಗ ಬಹಿರಂಗಗಳ ಶುದ್ಧಿಗೆ ಬೇಕಾದುದನ್ನು ಹೇಳುವಾಗ ಕಳವನ್ನು ಮೊದಲು ಹೇಳಿ, ಹುಸಿಯನ್ನು ಅದರ ನಂತರ ಬೇರೆಯಾಗಿಯೇ ಹೇಳಿದ್ದಾರೆ. ಸುಳ್ಳು ಹೇಳದೆಯೂ ಕಳವು ಮಾಡಲು ಸಾಧ್ಯ ಎಂಬುದನ್ನು ಅವರು ಬಲ್ಲವರಾಗಿದ್ದರು. ರಾತ್ರಿ ಕನ್ನ ಕೊರೆಯುವವನು ಯಾರಿಗೂ ಸುಳ್ಳು ಹೇಳುವುದಿಲ್ಲ. ಆತ ಮಾತನಾಡುವುದೇ ಇಲ್ಲ. ಆದರೂ ಆತ ಸತ್ಯವಂತನೆಂದು ಯಾರೂ ಹೊಗಳುವುದಿಲ್ಲ.

ಹಾಗಾದರೆ ಇಲ್ಲಿ ಕಳವಾದದ್ದು ಏನು? ಹಣವನ್ನು ಆ ಹಿರಿಯರು ತಾವೇ ಕೈಯಾರೆ ಕೊಟ್ಟರಲ್ಲ? ಕೊಟ್ಟದ್ದು ನಿಜ. ಆದರೆ ಯಾವುದಕ್ಕೆ ಕೊಟ್ಟರು? ನೀರಿರುವ, ಪತ್ರವಿರುವ ಮನೆಗೆಂದು ಕೊಟ್ಟರು. ಅವರಿಗೆ ಸಿಕ್ಕಿದ್ದು ಬೇರೆಯ ಮನೆ. ಆ ಎರಡು ಮನೆಗಳ ಬೆಲೆಯ ನಡುವಿನ ಅಂತರವನ್ನು ಅವರು ಕೊಡಲಿಲ್ಲ, ಅವರಿಂದ ತೆಗೆದುಕೊಳ್ಳಲಾಯಿತು. ಅದಕ್ಕಿಂತ ದೊಡ್ಡ ಕಳವು ಇನ್ನೊಂದಿದೆ. ಕೊಳ್ಳಬೇಕೋ ಬೇಡವೋ ಎಂದು ವಿಚಾರ ಮಾಡಿ ತೀರ್ಮಾನಿಸುವುದು ಅವರ ಸ್ವಾತಂತ್ರ್ಯ. ವಿಚಾರಕ್ಕೆ ಬೇಕಾದ ಸಂಗತಿಯನ್ನು ಬಚ್ಚಿಟ್ಟಾಗ ಆ ತೀರ್ಮಾನವನ್ನೇ ಅವರ ಕೈಯಿಂದ ಕಸಿದುಕೊಂಡಂತಾಯಿತು. ನಿವೃತ್ತ ಜೀವನದ ಉಳಿತಾಯವನ್ನು ಒಂದೇ ಸಲ ಹೂಡಿದವರಿಗೆ ಮತ್ತೊಮ್ಮೆ ತೀರ್ಮಾನಿಸುವ ಅವಕಾಶವೇ ಇರುವುದಿಲ್ಲ.

ಆದ್ದರಿಂದ ಹೇಳದೆ ಉಳಿಸಿಕೊಂಡ ಮಾತನ್ನು ತೂಗುವಾಗ, ಇದರಲ್ಲಿ ಸುಳ್ಳೆಷ್ಟಿದೆ ಎಂದು ಹುಡುಕುತ್ತ ಕೂರಬಾರದು. ಇದರಲ್ಲಿ ಕಳವೆಷ್ಟಿದೆ ಎಂದು ನೋಡಬೇಕು. ಅದಕ್ಕೆ ಒಂದು ಸುಲಭವಾದ ಒರೆಗಲ್ಲು ಇದೆ. ನಾನು ಏಕೆ ಹೇಳಲಿಲ್ಲ ಎಂದು ವ್ಯಾಪಾರಿ ತನ್ನನ್ನೇ ಕೇಳಿಕೊಳ್ಳಲಿ. ಮರೆತುಹೋಯಿತು ಎಂದರೆ ಅದು ಪ್ರಮಾದ, ತಿದ್ದಿಕೊಳ್ಳಬಹುದು. ಗೊತ್ತಿರಲಿಲ್ಲ ಎಂದರೆ ಅದು ಅಜ್ಞಾನ, ಕಲಿಯಬಹುದು. ಹೇಳಿದ್ದರೆ ಆತ ಕೊಳ್ಳುತ್ತಿರಲಿಲ್ಲ ಎಂಬುದೇ ಉತ್ತರವಾದರೆ, ಅದು ಕಳವು. ಅದಕ್ಕೆ ಬೇರೆ ಹೆಸರಿಲ್ಲ.

ಎಲ್ಲವನ್ನೂ ಹೇಳಬೇಕೇ?

ಇಲ್ಲಿ ನ್ಯಾಯವಾದ ಒಂದು ಆಕ್ಷೇಪ ಬರುತ್ತದೆ. ವ್ಯಾಪಾರಿಯಾದವನು ತನ್ನ ಗುಟ್ಟನ್ನೆಲ್ಲ ಬಿಚ್ಚಿಡಬೇಕೇ? ತಾನು ಎಷ್ಟಕ್ಕೆ ಕೊಂಡೆ, ಎಷ್ಟು ಲಾಭ ಇಟ್ಟುಕೊಂಡೆ, ಪಕ್ಕದ ಅಂಗಡಿಯಲ್ಲಿ ಎರಡು ರೂಪಾಯಿ ಕಡಿಮೆಗೆ ಸಿಗುತ್ತದೆ ಎಂದೆಲ್ಲ ಸಾರಬೇಕೇ? ಬೇಕಿಲ್ಲ. ಧರ್ಮವು ಯಾರನ್ನೂ ಅಂಗಡಿ ಮುಚ್ಚುವಂತೆ ಹೇಳುವುದಿಲ್ಲ. ಮಿಠಾಯಿ ಅಂಗಡಿಯವನು ತನ್ನ ಪಾಕದ ಹದವನ್ನು ಹೇಳಬೇಕಾಗಿಲ್ಲ. ಆದರೆ ತುಪ್ಪದ್ದೆಂದು ತಿಳಿದು ಕೊಳ್ಳುತ್ತಿರುವವನಿಗೆ ಅದು ಡಾಲ್ಡಾದ್ದು ಎಂಬುದನ್ನು ಹೇಳಬೇಕು. ಹದವು ಮಾರುವವನ ಸ್ವತ್ತು. ಕೊಳ್ಳುವವನ ಹೊಟ್ಟೆಗೆ ಏನು ಹೋಗುತ್ತದೆ ಎಂಬ ತಿಳಿವಳಿಕೆ ಕೊಳ್ಳುವವನ ಸ್ವತ್ತು. ಸರಕಿನ ಗುಣ, ಅದರ ದೋಷ, ಮುಂದೆ ಅದರಿಂದ ಬರುವ ಖರ್ಚು, ಇವು ಹಣ ಕೊಟ್ಟವನಿಗೆ ಸೇರಿದ ಸಂಗತಿಗಳು.

ಬಂಗಾರದ ವ್ಯಾಪಾರವನ್ನೇ ತೆಗೆದುಕೊಳ್ಳೋಣ. ಒಡವೆಗಳ ಮೇಲೆ ಹಾಲ್‌ಮಾರ್ಕ್ ಮುದ್ರೆಯು 2021ರ ಜೂನ್ 16ರಿಂದ ಹಂತಹಂತವಾಗಿ ಕಡ್ಡಾಯವಾಯಿತು. 2023ರ ಏಪ್ರಿಲ್ 1ರಿಂದ ಪ್ರತಿಯೊಂದು ಒಡವೆಗೂ ತನ್ನದೇ ಆದ ಆರು ಅಕ್ಷರ ಅಂಕೆಗಳ ಗುರುತು ಬೇಕಾಯಿತು. 22 ಕ್ಯಾರಟ್ಟಿನದಾದರೆ 916 ಎಂಬ ಸಂಖ್ಯೆ ಇರುತ್ತದೆ. ಮೊಬೈಲಿನಲ್ಲಿಯೇ ಆ ಗುರುತನ್ನು ಪರೀಕ್ಷಿಸಬಹುದು. ಇದು ಒಳ್ಳೆಯದೇ. ಆದರೆ ಮುದ್ರೆ ಹೇಳುವುದು ಚಿನ್ನದ ಶುದ್ಧತೆಯನ್ನು ಮಾತ್ರ. ಒಡವೆಯ ತೂಕದಲ್ಲಿ ಕಲ್ಲಿನ ತೂಕವೆಷ್ಟು, ವೇಸ್ಟೇಜ್ ಎಂದು ಹಿಡಿದದ್ದೆಷ್ಟು, ಮಜೂರಿ ಎಷ್ಟು, ನಾಳೆ ಕಷ್ಟಕಾಲದಲ್ಲಿ ಮರಳಿ ತಂದರೆ ಎಷ್ಟು ಕಡಿತವಾಗುತ್ತದೆ, ಇದನ್ನು ಮುದ್ರೆ ಹೇಳುವುದಿಲ್ಲ. ಅಂಗಡಿಯವನೇ ಹೇಳಬೇಕು. ಮಗಳ ಮದುವೆಗೆಂದು ವರ್ಷಗಟ್ಟಲೆ ಚೀಟಿ ಕಟ್ಟಿ ಹಣ ತಂದ ತಾಯಿಗೆ ಇದನ್ನು ಕೇಳಲು ತೋಚುವುದಿಲ್ಲ. ಮಾತು ಬೆಳ್ಳಿ, ಮೌನ ಬಂಗಾರ ಎಂಬ ಗಾದೆ ಉಂಟು. ಅದು ಸಂಯಮವನ್ನು ಕಲಿಸುವ ಗಾದೆ. ಬಂಗಾರದ ಅಂಗಡಿಯಲ್ಲಿ ಅದನ್ನು ಅಕ್ಷರಶಃ ಪಾಲಿಸಿದರೆ ಮೌನದ ಬಂಗಾರವೆಲ್ಲ ಮಾರುವವನಿಗೆ, ಕೊಳ್ಳುವವನಿಗೆ ಬರಿಯ ಮೌನ!

ವಿಭೂತಿಯ ಹೊಣೆ

ಈಗ ಹಿಂದೆ ನೆನಪಿನಲ್ಲಿ ಇಟ್ಟುಕೊಳ್ಳಬೇಕೆಂದ ಮಾತಿಗೆ ಬರೋಣ. ನಂಬಿಕೆ ಇರುವ ಕಡೆ ಮೌನಕ್ಕೆ ಬಾಯಿ ಬರುತ್ತದೆ ಎಂದೆವು. ನಂಬಿಕೆಗಳಲ್ಲಿ ಧರ್ಮದ ನಂಬಿಕೆಗಿಂತ ದೊಡ್ಡದು ಯಾವುದಿದೆ?

ಹಲಸೂರಿಗೆ ಕೂಗಳತೆಯಲ್ಲಿರುವ ಶಿವಾಜಿನಗರದಲ್ಲಿ 2006ರಲ್ಲಿ ಐಎಂಎ ಎಂಬ ಸಂಸ್ಥೆ ಆರಂಭವಾಯಿತು. ಬಡ್ಡಿಯನ್ನು ಧರ್ಮಬಾಹಿರವೆಂದು ತಿಳಿಯುವ ಮುಸ್ಲಿಂ ಬಾಂಧವರಿಗೆ ಬಡ್ಡಿಯಲ್ಲದ ಲಾಭದ ಪಾಲು ಕೊಡುವುದಾಗಿ ಅದು ಹೇಳಿತು. ಹಣ ಹೂಡಿದವರನ್ನು ಪಾಲುದಾರರೆಂದು ಕರೆಯಿತು. ಲಾಭಕ್ಕೆ ಪಾಲುದಾರರಾದವರು ನಷ್ಟಕ್ಕೂ ಪಾಲುದಾರರು ಎಂಬ ಅರ್ಥವನ್ನು ಎಷ್ಟು ಜನ ಬಲ್ಲವರಾಗಿದ್ದರೋ ಶಿವನೇ ಬಲ್ಲ. ಹೊಸಬರಿಂದ ಬಂದ ಹಣದಿಂದಲೇ ಹಳಬರಿಗೆ ಕೊಡಲಾಗುತ್ತಿತ್ತು ಎಂಬುದು ತನಿಖೆ ಮಾಡಿದವರ ಆರೋಪ. 2019ರ ಜೂನ್ ತಿಂಗಳಲ್ಲಿ ಸಂಸ್ಥೆ ಬಾಗಿಲು ಹಾಕಿತು, ಸ್ಥಾಪಕ ದೇಶ ಬಿಟ್ಟು ಹೋದ, ಜುಲೈಯಲ್ಲಿ ದೆಹಲಿಗೆ ಮರಳಿದಾಗ ಬಂಧನವಾಯಿತು, ತನಿಖೆ ಸಿಬಿಐ ಕೈಗೆ ಹೋಯಿತು. ಮನೆಗೆಲಸ ಮಾಡಿ ಕೂಡಿಟ್ಟವರು, ಮಕ್ಕಳ ಮದುವೆಗೆಂದು ಇಟ್ಟವರು, ಹತ್ತಾರು ಸಾವಿರ ಮಂದಿ ಬೀದಿಗೆ ಬಂದರು.

ಇದು ಒಂದು ಮತದವರ ಕಥೆ ಎಂದು ಯಾರೂ ತಿಳಿಯಬಾರದು. ಕೆಲವೇ ತಿಂಗಳುಗಳು ಕಳೆಯುವಷ್ಟರಲ್ಲಿ, 2020ರ ಜನವರಿಯಲ್ಲಿ, ಇದೇ ಬೆಂಗಳೂರಿನ ಬಸವನಗುಡಿಯಲ್ಲಿ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿತು. ಠೇವಣಿದಾರರು 35,000 ರೂಪಾಯಿಗಳಿಗಿಂತ ಹೆಚ್ಚು ಹಣ ತೆಗೆಯುವಂತಿಲ್ಲ ಎಂದಾಯಿತು. ವಸೂಲಾಗದ ಸಾಲಗಳ ನಿಜಸ್ಥಿತಿ ಹೊರಗೆ ಬರುವವರೆಗೆ ಠೇವಣಿ ಇಟ್ಟ ವೃದ್ಧರಿಗೆ ಅದರ ಸುಳಿವೂ ಇರಲಿಲ್ಲ. ಅಲ್ಲಿ ಹಲಾಲ್ ಎಂಬ ಮಾತು, ಇಲ್ಲಿ ಗುರುರಾಯರ ಪವಿತ್ರ ನಾಮ. ಎರಡೂ ಕಡೆ ದೇವರ ಹೆಸರು ಕಂಡ ಕೂಡಲೇ ಜನ ಪ್ರಶ್ನೆ ಕೇಳುವುದನ್ನು ಬಿಟ್ಟರು.

ಇದರಿಂದ ನಮ್ಮವರು ಕಲಿಯಬೇಕಾದ ಪಾಠವಿದೆ. ಹಣೆಯ ಮೇಲೆ ತ್ರಿಪುಂಡ್ರ, ಕೊರಳಲ್ಲಿ ಇಷ್ಟಲಿಂಗ, ಅಂಗಡಿಯ ಗೋಡೆಯ ಮೇಲೆ ಗುರುಗಳ ಭಾವಚಿತ್ರ ಇವೆಯಲ್ಲ, ಇವು ನಮ್ಮ ಶ್ರದ್ಧೆಯ ಚಿಹ್ನೆಗಳು. ಆದರೆ ಬಂದ ಗಿರಾಕಿ ಅವುಗಳನ್ನು ಬೇರೆ ರೀತಿಯಲ್ಲಿ ಓದುತ್ತಾನೆ. "ಇವರು ಲಿಂಗವಂತರು, ಪೂಜೆ ಮಾಡಿ ಬಂದು ಕುಳಿತಿದ್ದಾರೆ, ಇವರಲ್ಲಿ ಕೇಳುವುದೇನಿದೆ" ಎಂದುಕೊಳ್ಳುತ್ತಾನೆ. ಆತ ಕೇಳದಿದ್ದುದಕ್ಕೆ ಆ ವಿಭೂತಿಯೇ ಕಾರಣ. ಹೀಗಿರುವಾಗ "ಅವರು ಕೇಳಲಿಲ್ಲ" ಎಂದು ಹೇಳುವ ಅಧಿಕಾರ ನಮಗೆಲ್ಲಿ ಉಳಿಯಿತು? ಕೇಳಬೇಕಾದ ಬಾಯಿಯನ್ನು ನಮ್ಮ ಲಾಂಛನವೇ ಮುಚ್ಚಿತು ಎಂದ ಮೇಲೆ ಹೇಳಬೇಕಾದ ಬಾಯಿ ತಾನಾಗಿಯೇ ತೆರೆಯಬೇಕು. ತಂದೆಯ ಮೇಲಿನ ನಂಬಿಕೆಯಿಂದ ಮಗಳು ಕುದುರೆಯ ಹಲ್ಲು ನೋಡಲಿಲ್ಲ. ವಿಭೂತಿಯ ಮೇಲಿನ ನಂಬಿಕೆಯಿಂದ ಗಿರಾಕಿ ಕಾಗದ ನೋಡಲಿಲ್ಲ. ಎರಡಕ್ಕೂ ವ್ಯತ್ಯಾಸವೇನಿದೆ?

ಈ ಮಾತು ಮಠಾಧೀಶರಿಗೂ ಸಲ್ಲುತ್ತದೆ. ಬಡಾವಣೆಗಳ ಉದ್ಘಾಟನೆಗೆ, ಹೊಸ ಮಳಿಗೆಗಳ ಆರಂಭಕ್ಕೆ ಸ್ವಾಮಿಗಳನ್ನು ಕರೆಯುವ ರೂಢಿ ಇದೆ. ಮರುದಿನ ಜಾಹೀರಾತಿನಲ್ಲಿ ಸ್ವಾಮಿಗಳ ಭಾವಚಿತ್ರ ಬರುತ್ತದೆ. ಆಶೀರ್ವಾದ ಮಾಡುವುದು ನಮ್ಮ ಧರ್ಮ. ಆದರೆ ಆ ಚಿತ್ರವನ್ನು ನೋಡಿ ನಿವೇಶನ ಕೊಂಡವನಿಗೆ ನಾಳೆ ಕಾಗದಪತ್ರದಲ್ಲಿ ತೊಡಕು ಕಂಡರೆ ಆತ ನೆನೆಯುವುದು ಯಾರನ್ನು? ಆದ್ದರಿಂದ ಮಾರಾಟದ ಜಾಹೀರಾತಿಗೆ ನಮ್ಮ ಭಾವಚಿತ್ರ ಬಳಸಬಾರದೆಂದು ನಾವು ಭಕ್ತರಿಗೆ ಹೇಳುತ್ತ ಬಂದಿದ್ದೇವೆ. ಹಾಗೆಯೇ ಶಾಲೆ ಕಾಲೇಜುಗಳನ್ನು ನಡೆಸುವ ಮಠಗಳು ತಮ್ಮ ಪರಿಚಯ ಪತ್ರಿಕೆಯಲ್ಲಿ ಕಟ್ಟಡದ ಚಿತ್ರದ ಜೊತೆಗೆ ಯಾವ ತರಗತಿಗೆ ಮಾನ್ಯತೆ ಬಂದಿದೆ, ಯಾವುದಕ್ಕೆ ಇನ್ನೂ ಬರಬೇಕಾಗಿದೆ, ಶುಲ್ಕದ ಹೊರಗೆ ಏನೇನು ಕಟ್ಟಬೇಕಾಗುತ್ತದೆ ಎಂಬುದನ್ನೂ ಅಚ್ಚು ಮಾಡಿಸಬೇಕು. ಉಪದೇಶ ಮೊದಲು ಮನೆಯಿಂದ ಆರಂಭವಾಗಲಿ.

ದಾಸೋಹಕ್ಕೆ ಯಾವುದು ಸಲ್ಲುತ್ತದೆ?

ಉಳಿದದ್ದು ದಾಸೋಹದ ಪ್ರಶ್ನೆ. ತಪ್ಪಾಗಿದ್ದರೂ ಒಂದು ಪಾಲನ್ನು ಮಠಕ್ಕೆ ಕೊಟ್ಟರೆ ಉಳಿದದ್ದು ಶುದ್ಧವಾಗುತ್ತದೆ ಎಂಬ ಭಾವನೆ ಹಲವರಲ್ಲಿದೆ. ಇದು ಬಹಳ ದೊಡ್ಡ ತಪ್ಪು ತಿಳಿವಳಿಕೆ. ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ಸ್ಮರಿಸಬೇಕು. ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಮಾರಯ್ಯ ಲಕ್ಕಮ್ಮ ದಂಪತಿಗಳು ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಜಂಗಮ ದಾಸೋಹ ನಡೆಸುತ್ತಿದ್ದರು. ಒಂದು ದಿನ ಮಾರಯ್ಯನು ನಿತ್ಯದ ಅಳತೆಗಿಂತ ಹೆಚ್ಚು ಅಕ್ಕಿಯನ್ನು ತಂದನು. ಲಕ್ಕಮ್ಮ ಅದನ್ನು ಒಪ್ಪಲಿಲ್ಲ. ಹೆಚ್ಚಿನದನ್ನು ಎಲ್ಲಿಂದ ತಂದೆಯೋ ಅಲ್ಲಿಯೇ ಸುರಿದು ಬಾ ಎಂದು ಗಂಡನನ್ನು ಹಿಂದಕ್ಕೆ ಕಳಿಸಿದಳು.

ಈ ಕಥೆಯನ್ನು ಅತಿಯಾಸೆಯ ವಿರುದ್ಧದ ಬೋಧೆ ಎಂದು ಎಲ್ಲರೂ ಹೇಳುತ್ತಾರೆ. ಅದರಲ್ಲಿ ಇನ್ನೊಂದು ಸೂಕ್ಷ್ಮವನ್ನು ಗಮನಿಸಬೇಕು. ಮಾರಯ್ಯ ಸುಳ್ಳು ಹೇಳಿರಲಿಲ್ಲ. ಅಕ್ಕಿ ನೆಲದ ಮೇಲೆ ಬಿದ್ದಿತ್ತು. ಯಾರೂ ಬೇಡವೆನ್ನಲಿಲ್ಲ, ಯಾರೂ ಕೇಳಲಿಲ್ಲ. ತಂದದ್ದೂ ದಾಸೋಹಕ್ಕೆಂದೇ. ನಮ್ಮ ಕಾಲದ ವ್ಯಾಪಾರಿ ಹೇಳಬಹುದಾದ ಎಲ್ಲ ಸಮರ್ಥನೆಗಳೂ ಆತನ ಪರವಾಗಿದ್ದವು. ಆದರೂ ಆ ತಾಯಿ ಅದನ್ನು ದಾಸೋಹಕ್ಕೆ ಸಲ್ಲದು ಎಂದಳು. ಒಂದು ಭಾಗ ಇಟ್ಟುಕೊಂಡು ಒಂದು ಭಾಗ ಜಂಗಮರಿಗೆ ಬಡಿಸೋಣ ಎನ್ನಲಿಲ್ಲ. ಮೊದಲು ಹಿಂದಿರುಗಿಸು, ದಾಸೋಹ ಆಮೇಲೆ ಎಂಬುದು ಆಕೆ ತೋರಿಸಿದ ಕ್ರಮ. ಪಂಚಾಚಾರಗಳಲ್ಲಿ ಒಂದಾದ ಸದಾಚಾರವೂ ಇದನ್ನೇ ಹೇಳುತ್ತದೆ. ಸನ್ಮಾರ್ಗದಿಂದ ಗಳಿಸಿದ್ದು ಮಾತ್ರ ಗುರು, ಲಿಂಗ, ಜಂಗಮಕ್ಕೆ ಅರ್ಪಿತ.

ಆ ಕ್ರಮವನ್ನೇ ನಾವು ಆ ಭಕ್ತರಿಗೆ ಹೇಳಿದೆವು. "ಕಾಣಿಕೆಯನ್ನು ಈಗ ನಾವು ಮುಟ್ಟುವುದಿಲ್ಲ. ಮೊದಲು ಆ ಹಿರಿಯರ ಮನೆಗೆ ಹೋಗಪ್ಪ. ಅಂದು ಹೇಳದ ಎರಡು ಮಾತುಗಳನ್ನು ಇಂದು ಹೇಳು. ಮಾರಿದವರನ್ನೂ ಕರೆದು ಕೂರಿಸಿ ನಷ್ಟವನ್ನು ತುಂಬಿಕೊಡುವ ದಾರಿ ನೋಡು. ಪತ್ರ ಪಡೆಯಲು ಓಡಾಡಬೇಕಾದರೆ ನೀನೇ ಓಡಾಡು. ನಿನ್ನ ಕಮಿಷನ್ನನ್ನು ಅದಕ್ಕೆ ಬಳಸು. ಏನಾದರೂ ಉಳಿದರೆ ಮಠದ ಬಾಗಿಲು ತೆರೆದಿದೆ, ಏನೂ ಉಳಿಯದಿದ್ದರೂ ಪ್ರಸಾದಕ್ಕೆ ಬಾ" ಎಂದೆವು. ಅವರು ಗಳಿಸಿದ ಒಂದು ಪಾಲಿನಿಂದ ನೂರು ಜನ ಉಣ್ಣಬಹುದಾಗಿತ್ತು. ಆದರೆ ನೂರು ಜನರ ಎಲೆಯ ಮೇಲೆ ಒಬ್ಬ ಹಿರಿಯರ ನಿಟ್ಟುಸಿರು ಬಡಿಸಿದಂತಾಗುತ್ತಿತ್ತು.

"ಹೇಳಿದರೆ ವ್ಯಾಪಾರ ಕೆಡುತ್ತದೆ ಬುದ್ಧಿ, ಹೇಳದವನ ಕಡೆಗೇ ಗಿರಾಕಿ ಹೋಗುತ್ತಾನೆ" ಎಂದು ಕೆಲವರು ಕೇಳುತ್ತಾರೆ. ಅದು ನಿಜ. ಸತ್ಯವನ್ನು ಹೇಳಿದರೆ ಲಾಭ ತಾನಾಗಿ ಬರುತ್ತದೆ ಎಂದು ನಾವು ಭರವಸೆ ಕೊಡುವುದಿಲ್ಲ. ಒಳ್ಳೆಯ ಹೆಸರಿನಿಂದ ಮುಂದೆ ಗಿರಾಕಿಗಳು ಬರಬಹುದು, ಬಾರದೆಯೂ ಇರಬಹುದು. ತಿಂಗಳ ಕೊನೆಗೆ ಅಂಗಡಿ ಬಾಡಿಗೆ, ಮಕ್ಕಳ ಶಾಲೆಯ ಶುಲ್ಕ ಕಾಯುವುದಿಲ್ಲ. ಸತ್ಯಶುದ್ಧ ಕಾಯಕಕ್ಕೆ ಖರ್ಚಿದೆ. ವ್ಯಾಪಾರಿಯು ಸರಕಿನ ದೋಷವನ್ನು ಮುಚ್ಚಿಡಬಾರದೆಂದು ಹೇಳುವ ನಾವು ಧರ್ಮದ ಖರ್ಚನ್ನು ಮುಚ್ಚಿಟ್ಟು ಧರ್ಮವನ್ನು ಬೋಧಿಸಿದರೆ ಅದೂ ಅದೇ ಬಗೆಯ ಮಾರಾಟವಾದೀತು. ಆಗಾಗ ಒಂದು ಗಿರಾಕಿ ಕೈತಪ್ಪುತ್ತದೆ. ಅದನ್ನು ತಿಳಿದೇ ಈ ದಾರಿ ಹಿಡಿಯಬೇಕು. ಇದಕ್ಕೆ ಪ್ರತಿಯಾಗಿ ಸಿಗುವುದು ಒಂದೇ. ಸಂಜೆ ಅಂಗೈಯ ಮೇಲೆ ಇಷ್ಟಲಿಂಗವನ್ನು ಇಟ್ಟುಕೊಂಡು ಕುಳಿತಾಗ ಲಿಂಗದಿಂದ ಬಚ್ಚಿಡಬೇಕಾದ ಮಾತು ಯಾವುದೂ ಉಳಿದಿರುವುದಿಲ್ಲ.

ವ್ಯಾಪಾರ ಮಾಡುವ ಸದ್ಭಕ್ತರು ಇಂದಿನಿಂದಲೇ ಒಂದು ಸಣ್ಣ ವ್ರತವನ್ನು ಕೈಗೊಳ್ಳಬಹುದು. ಹಣ ಎಣಿಸಿಕೊಳ್ಳುವ ಮೊದಲು, ಗಿರಾಕಿ ಕೇಳದಿದ್ದರೂ, ಈ ಸರಕಿನಲ್ಲಿ ತಾನೇ ಕೊಳ್ಳುವವನಾಗಿದ್ದರೆ ತಿಳಿಯಲು ಬಯಸುತ್ತಿದ್ದ ಒಂದು ಮಾತನ್ನು ಹೇಳಿಬಿಡಬೇಕು. ಕಲ್ಲಿನ ತೂಕವಾಗಲಿ, ಬೇಸಿಗೆಯ ನೀರಾಗಲಿ, ಸಿಗದ ಪತ್ರವಾಗಲಿ, ಒಂದೇ ಮಾತು. ಕೊಳ್ಳುವವರೂ ವಿಭೂತಿಯನ್ನು ನೋಡಿ ನಮಸ್ಕರಿಸಲಿ, ಕಾಗದವನ್ನು ನೋಡಿ ಹಣ ಕೊಡಲಿ. ಕೇಳುವುದು ಅವಿಶ್ವಾಸವಲ್ಲ, ಮಾರುವವನನ್ನು ಕಳವಿನಿಂದ ಕಾಪಾಡುವ ಉಪಕಾರ. ಕೊಡುವವರ ಕೈಯೂ ಕೊಳ್ಳುವವರ ಕೈಯೂ ಶುದ್ಧವಾಗಿರಲಿ, ಎಲ್ಲರ ಕಾಯಕವೂ ದಾಸೋಹಕ್ಕೆ ಸಲ್ಲುವಂತಾಗಲಿ ಎಂದು ಪರಶಿವನನ್ನು ಪ್ರಾರ್ಥಿಸಿ ಹಾರೈಸುತ್ತೇವೆ.